ಹೊಳೆಗೆ ಮೂರು ತಿಂಗಳ ಗುತ್ತಿಗೆ

ಪ್ರಶ್ನೆ: ಅಮೆರಿಕದಲ್ಲಿ ಸಾಲ್ಮನ್ ಮೀನು ಉಳಿಯಲೆಂದು ನದಿ ಬದಿಯ ಒಡ್ಡುಗಳನ್ನು ಒಡೆದು, ಹೊಲಗಳನ್ನು ಮತ್ತೆ ಹೊಳೆಗೆ ಬಿಟ್ಟುಕೊಡುತ್ತಿದ್ದಾರಂತೆ. ಅದರಿಂದ ನೆರೆಯೂ ತಗ್ಗುತ್ತದಂತೆ. ನಮ್ಮ ತುಂಗಭದ್ರೆಯ ದಂಡೆಯಲ್ಲೂ ಹೊಳೆ ಬಂದಾಗಲೆಲ್ಲ ಬೆಳೆ ಮುಳುಗುತ್ತದೆ. ನಮ್ಮಲ್ಲಿ ಸಾಲ್ಮನ್ ಇಲ್ಲ, ನಿಜ. ಆದರೆ ಆ ಉಪಾಯ ನಮಗೆ ಒಗ್ಗುತ್ತದೆಯೇ? ಹೊಳೆಯೇ ಇಲ್ಲದ ಕೂಡ್ಲಿಗಿ, ಕೊಟ್ಟೂರು ಕಡೆಯವರಿಗೆ ಇದರಿಂದ ಏನಾದರೂ ಪ್ರಯೋಜನ ಉಂಟೇ?
— ಹೂವಿನಹಡಗಲಿ ತಾಲ್ಲೂಕಿನ ಓದುಗರೊಬ್ಬರು

ಉತ್ತರ: ಒಗ್ಗುತ್ತದೆ. ಆದರೆ ಅಲ್ಲಿ ಮಾಡಿದ್ದನ್ನೇ ಇಲ್ಲಿ ಮಾಡಹೊರಟರೆ ಕೆಲಸ ಕೆಡುತ್ತದೆ. ಅಲ್ಲಿ ಹೊಳೆಯ ಎರಡೂ ಬದಿಗೆ ಮೈಲುಗಟ್ಟಲೆ ಏರಿ ಹಾಕಿ ನೀರನ್ನು ನಡುವೆ ಅದುಮಿಟ್ಟಿದ್ದರು. ಈಗ ಆ ಏರಿಯನ್ನು ಹಿಂದಕ್ಕೆ ಸರಿಸುತ್ತಿದ್ದಾರೆ. ಹರಪನಹಳ್ಳಿಯಿಂದ ಹಗರಿಬೊಮ್ಮನಹಳ್ಳಿಯವರೆಗಿನ ನಮ್ಮ ದಂಡೆಯಲ್ಲಿ ಒಡೆಯಲು ಅಂಥ ಏರಿಯೇ ಇಲ್ಲ. ನಮ್ಮ ತೊಂದರೆಗಳೇ ಬೇರೆ: ಕೆಳಗೆ ಅಣೆಕಟ್ಟು, ನಡುವೆ ಬ್ಯಾರೇಜು, ಮಧ್ಯದಲ್ಲೆಲ್ಲ ಮರಳಿನ ಗುಂಡಿ, ದಂಡೆಯ ಅಂಚಿನವರೆಗೂ ಕಬ್ಬು, ಭತ್ತ. ಹಾಗಾಗಿ ಅವರ ಗುದ್ದಲಿಯನ್ನು ಎರವಲು ತರುವುದಕ್ಕಿಂತ ಅವರು ತಡವಾಗಿ ಅರಿತ ಒಂದು ಸಂಗತಿಯನ್ನು ತರುವುದು ಮೇಲು. ಹೊಳೆಗೆ ಜಾಗ ಕೊಡುವುದೆಂದರೆ ಭೂಮಿಯನ್ನೇ ಬಿಟ್ಟುಕೊಡುವುದಲ್ಲ, ವರ್ಷದ ಕೆಲವು ತಿಂಗಳನ್ನು ಬಿಟ್ಟುಕೊಡುವುದು.

ಮೊದಲು ಆ ಮೀನಿನ ಸುದ್ದಿ. ಸಾಲ್ಮನ್ ಹುಟ್ಟುವುದು ನದಿಯ ಮೇಲ್ಭಾಗದ ತಣ್ಣನೆಯ, ಹರಳುಗಲ್ಲಿನ ತೊರೆಗಳಲ್ಲಿ. ಬೆಳೆಯುವುದು ಸಮುದ್ರದಲ್ಲಿ. ಕೆಲವು ವರ್ಷ ಕಳೆದು ಮೊಟ್ಟೆಯಿಡಲು ಹುಟ್ಟಿದ ತೊರೆಗೇ ವಾಪಸಾಗುತ್ತದೆ. ದೊಡ್ಡ ಮೀನು ಜಲಪಾತ ಹಾರುವ ಚಿತ್ರವನ್ನು ಎಲ್ಲರೂ ನೋಡಿರುತ್ತೇವೆ, ಆದರೆ ಅದರ ಬದುಕು ನಿರ್ಧಾರವಾಗುವುದು ಆ ಹಾರಾಟದಲ್ಲಲ್ಲ. ಬೆರಳುದ್ದದ ಮರಿ ಸಮುದ್ರ ಸೇರುವ ಮೊದಲು ಎಷ್ಟು ದಪ್ಪವಾಗಿತ್ತು ಎಂಬುದರಲ್ಲಿ. ನಡುಹೊಳೆಯ ರಭಸದಲ್ಲಿ ಮರಿಗೆ ನಿಲ್ಲಲು ನೆಲೆಯಿಲ್ಲ, ತಿನ್ನಲು ಹುಳುವಿಲ್ಲ. ಹೊಳೆ ದಂಡೆ ಮೀರಿ ಹೊಲಕ್ಕೆ ಹರಡಿದಾಗ ಮೊಣಕಾಲುದ್ದದ ನಿಧಾನದ ನೀರು ಬಿಸಿಲಿಗೆ ಬೆಚ್ಚಗಾಗುತ್ತದೆ. ಕೊಳೆತ ಹುಲ್ಲು, ಕೂಳೆಗಳಿಂದ ಸೂಕ್ಷ್ಮಜೀವಿಗಳು ಕಿಕ್ಕಿರಿಯುತ್ತವೆ. ಅಲ್ಲಿ ಕೆಲವು ವಾರ ಮೇಯ್ದ ಮರಿ, ಹೊಳೆಯಲ್ಲೇ ಉಳಿದ ಮರಿಗಿಂತ ಎಷ್ಟೋ ಬೇಗ ಬಲಿಯುತ್ತದೆ.

ಇದನ್ನು ಕಣ್ಣಾರೆ ಕಂಡದ್ದು ಕ್ಯಾಲಿಫೋರ್ನಿಯಾದಲ್ಲಿ. ಸ್ಯಾಕ್ರಮೆಂಟೊ ನಗರವನ್ನು ನೆರೆಯಿಂದ ಕಾಪಾಡಲು ನದಿಯ ಪಕ್ಕದಲ್ಲಿ ಸುಮಾರು 59,000 ಎಕರೆಯ ತಗ್ಗು ಬಯಲನ್ನು ಹಾಗೇ ಉಳಿಸಿಕೊಂಡಿದ್ದಾರೆ. ಯೋಲೊ ಬೈಪಾಸ್ ಎಂದು ಹೆಸರು. ನದಿ ಒಂದು ಮಟ್ಟ ದಾಟಿದರೆ 1924ರಲ್ಲಿ ಕಟ್ಟಿದ ಫ್ರೀಮಾಂಟ್ ತಡೆಗೋಡೆಯ ಮೇಲಿಂದ ನೀರು ತಾನಾಗಿ ಉಕ್ಕಿ ಈ ಬಯಲಿಗೆ ಇಳಿಯುತ್ತದೆ. ಗೋಡೆಯ ಹತ್ತಿರ ಈ ಬಯಲಿನ ಸಾಮರ್ಥ್ಯ 3.43 ಲಕ್ಷ ಕ್ಯೂಸೆಕ್. ಚಳಿಗಾಲದಲ್ಲಿ ಕಡಲಿನಂತೆ ಕಾಣುವ ಈ ಬಯಲಲ್ಲಿ ಬೇಸಿಗೆ ಬಂತೆಂದರೆ ಭತ್ತ ಬೆಳೆಯುತ್ತಾರೆ. ಕಟ್ಟಿದ್ದು ನೆರೆಗಾಗಿ. ದಶಕಗಳು ಕಳೆದ ಮೇಲೆ ನೋಡಿದರೆ ಆ ಗದ್ದೆಗಳಲ್ಲಿ ಚಿನೂಕ್ ಸಾಲ್ಮನ್ ಮರಿಗಳು ಹೊಳೆಯ ಮರಿಗಳಿಗಿಂತ ದಷ್ಟಪುಷ್ಟವಾಗಿದ್ದವು. ಈಚೆಗೆ ಆ ಗೋಡೆಯಲ್ಲಿ ಕಂಡಿಯೊಂದನ್ನು ಕೊರೆದು, ಸಣ್ಣ ನೆರೆಯಲ್ಲೂ ಮರಿಗಳು ಗದ್ದೆಗೆ ಇಳಿಯುವಂತೆ ಮಾಡಿದ್ದಾರೆ. ಗಮನಿಸಿ, ರೈತರು ಅಲ್ಲಿಂದ ಎದ್ದು ಹೋಗಿಲ್ಲ. ಒಂದೇ ನೆಲದಲ್ಲಿ ಪಾಳಿ ಹಾಕಿಕೊಂಡು ಹೊಳೆ ಒಮ್ಮೆ, ಮನುಷ್ಯ ಒಮ್ಮೆ ಒಕ್ಕಲುತನ ಮಾಡುತ್ತಿದ್ದಾರೆ.

ಅಣೆಕಟ್ಟನ್ನೇ ಒಡೆದವರೂ ಇದ್ದಾರೆ. ಕ್ಲಾಮತ್ ನದಿಯ 4 ಅಣೆಕಟ್ಟುಗಳನ್ನು ತೆಗೆದು ಮುಗಿಸಿದ್ದು 2024ರಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ಸಾಲ್ಮನ್ ಹಳೆಯ ತಡೆಗಳನ್ನು ದಾಟಿ ಮೇಲಕ್ಕೆ ಹೋಯಿತು. ಆದರೆ ಅವು ಮುಖ್ಯವಾಗಿ ವಿದ್ಯುತ್ತಿಗೆಂದು ಕಟ್ಟಿದ ಹಳೆಯ ಕಟ್ಟೆಗಳು. ನಾಲ್ಕಾರು ಜಿಲ್ಲೆಗಳ ನೀರಾವರಿ ನೆಚ್ಚಿಕೊಂಡಿರುವ ತುಂಗಭದ್ರಾ ಅಣೆಕಟ್ಟಿನ ಮುಂದೆ ನಿಂತು ಆ ಮಾತಾಡಿದರೆ ಕೇಳುವವರಿಲ್ಲ. ಆಡಬೇಕಾಗಿಯೂ ಇಲ್ಲ.

ಇನ್ನು ನಮ್ಮ ಮೀನು. ತುಂಗಭದ್ರೆಯಲ್ಲಿ ಸಾಲ್ಮನ್ ಹಾಗೆ ಸಮುದ್ರ ಮತ್ತು ಹೊಳೆ ಎರಡನ್ನೂ ನೆಚ್ಚಿದ ಜೀವ ಒಂದಿದೆ, ಹಾವುಮೀನು. ಅದರ ಪ್ರಯಾಣ ತಿರುವುಮುರುವು. ಹುಟ್ಟುವುದು ಕಡಲಲ್ಲಿ, ಬೆಳೆಯುವುದು ಹೊಳೆಯಲ್ಲಿ. ಬಂಗಾಳ ಕೊಲ್ಲಿಯಿಂದ ಹೊರಟ ಮರಿ ಹಡಗಲಿ ಮುಟ್ಟಬೇಕಾದರೆ ವಿಜಯವಾಡದ ಪ್ರಕಾಶಂ ಬ್ಯಾರೇಜು, ನಾಗಾರ್ಜುನಸಾಗರ, ಶ್ರೀಶೈಲ, ಸುಂಕೇಶುಲ, ಕೊನೆಗೆ ಹೊಸಪೇಟೆಯ ಅಣೆಕಟ್ಟು, ಎಲ್ಲವನ್ನೂ ದಾಟಬೇಕು. ಇದು ನಮ್ಮ ಐದು ತಾಲ್ಲೂಕಿನವರ ಕೈಯಲ್ಲಿರುವ ಮಾತಲ್ಲ, ಬಿಡಿ.

ನಮ್ಮ ಕೈಯಲ್ಲಿರುವುದು ಗೆಂಡೆ, ಕೆಮ್ಮೀನು, ಬಾಳೆ, ಕೊರವಗಳ ಸಂಗತಿ. ಇವಕ್ಕೆ ಕಡಲು ಬೇಡ. ಮುಂಗಾರಿನ ಮೊದಲ ಕೆಂಪು ನೀರು ಬಂದ ಕೂಡಲೇ ಹೊಳೆಯ ಮೀನು ಏರು ನೀರಿಗೆ ಮುಖ ಮಾಡುತ್ತದೆ. ಕೆಲವು ಹೊಳೆಯಲ್ಲೇ ಮೇಲಕ್ಕೆ ಹೋಗುತ್ತವೆ, ಕೆಲವು ಹಳ್ಳಗಳ ಬಾಯಿಗೆ ನುಗ್ಗುತ್ತವೆ, ಇನ್ನು ಕೆಲವು ಹೊಸದಾಗಿ ಮುಳುಗಿದ ಹುಲ್ಲಿನ ನಡುವೆ ಮೊಟ್ಟೆ ಬಿಡುತ್ತವೆ. ಮೊಟ್ಟೆಗೂ ಮರಿಗೂ ಬೇಕಾಗಿರುವುದು ಸಾಲ್ಮನ್ ಮರಿಗೆ ಬೇಕಾಗಿದ್ದೇ: ತೆಳು ನೀರು, ನಿಧಾನ ನೀರು, ಕೆಲವು ವಾರದ ಬಿಡುವು. ಇವುಗಳಲ್ಲೆಲ್ಲ ನನಗೆ ಹೆಚ್ಚು ಕರುಳು ಚುರ್ ಎನ್ನಿಸುವುದು ಹುಲ್ಲುಗೆಂಡೆ. ಹರಗಿ ಎಂದೂ ಕರೆಯುತ್ತಾರೆ. ಕೃಷ್ಣಾ ಕೊಳ್ಳದ ಈ ದೊಡ್ಡ ಮೀನು ನೀರೊಳಗಿನ ಗಿಡ, ಮುಳುಗಿದ ಹುಲ್ಲು ಮೇಯುತ್ತದೆ. ಹೊಳೆ ದಂಡೆ ಮೀರಿ ಹುಲ್ಲುಗಾವಲಿಗೆ ಬರುವುದು ನಮಗೆ ನೆರೆ, ಅದಕ್ಕೆ ಊಟದ ಕರೆ. ಒಂದು ಕಾಲಕ್ಕೆ ತುಂಗಭದ್ರೆಯಲ್ಲಿ ಬಲೆಗೆ ಬೀಳುತ್ತಿದ್ದ ಈ ಮೀನು ಇಂದು ಜಗತ್ತಿನ ಅತ್ಯಂತ ಅಪಾಯದ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಹೆಸರಘಟ್ಟದ ಮೀನು ಸಂಶೋಧಕರು ಕೊಳದಲ್ಲಿ ಇದರ ಮರಿ ಮಾಡಿಸುವ ಕೆಲಸ ಮಾಡಿದ್ದಾರೆ. ಮರಿ ಮಾಡಿಸಬಹುದು. ಮುಳುಗುವ ಹುಲ್ಲನ್ನು ಕೊಳದಲ್ಲಿ ಮಾಡಿಸಲಾಗದು. ನಿಮ್ಮ ಊರಿನ ಸಾಲ್ಮನ್ ಯಾವುದು ಎಂದು ಯಾರಾದರೂ ಕೇಳಿದರೆ ಇದರ ಹೆಸರು ಹೇಳಿ.

ಈಗ ಹೊಳೆಯ ನಕಾಶೆಯನ್ನು ಒಮ್ಮೆ ಎದುರಿಗಿಟ್ಟುಕೊಳ್ಳೋಣ. ಗಂಗಾಮೂಲದಲ್ಲಿ ಹುಟ್ಟಿ ಬೇರೆ ಬೇರೆ ದಾರಿ ಹಿಡಿದ ತುಂಗೆ, ಭದ್ರೆ ಕೂಡಲಿಯಲ್ಲಿ ಒಂದಾಗುತ್ತವೆ. ಭದ್ರೆಗೆ 71.5 ಟಿಎಂಸಿ ಹಿಡಿಯುವ ಜಲಾಶಯವಿದೆ. ತುಂಗೆಗೆ ಗಾಜನೂರಿನಲ್ಲಿರುವುದು 3 ಟಿಎಂಸಿ ಚಿಲ್ಲರೆ. ಹಾಗಾಗಿ ಶೃಂಗೇರಿ, ಆಗುಂಬೆ ಕಡೆ ಮಳೆ ಕಚ್ಚಿಕೊಂಡು ಹೊಯ್ದರೆ ತುಂಗೆಯ ನೀರಿಗೆ ದಾರಿಯಲ್ಲಿ ಹಿಡಿಯುವವರಿಲ್ಲ. ಅದು ಹೊನ್ನಾಳಿ, ಹರಿಹರ ದಾಟಿ ನೇರ ನಿಮ್ಮಲ್ಲಿಗೆ ಬರುತ್ತದೆ. ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟಿದ ವರದೆ ಗಳಗನಾಥದಲ್ಲಿ ಬಂದು ಸೇರುತ್ತದೆ. ಅದು ಹಡಗಲಿಯ ಎದುರು ದಂಡೆ. ಹರಪನಹಳ್ಳಿ ತಾಲ್ಲೂಕಿನ ಹಲವಾಗಲು–ಗರ್ಭಗುಡಿ ರಸ್ತೆಯ ಮೇಲೆ ನೀರು ಬಂದು ಸಂಪರ್ಕ ಕಡಿದುಹೋದ ಸುದ್ದಿ ಬಂತೆಂದರೆ ಮಲೆನಾಡಿನಲ್ಲಿ ಮಳೆ ಜೋರಾಗಿದೆ ಎಂದೇ ತಿಳಿಯಬೇಕು. ಆ ಹೊತ್ತಿಗೆ ಕೊಟ್ಟೂರಿನಲ್ಲಿ ಮೋಡ ಮಾತ್ರ ಇರಬಹುದು.

ಈ ಹೊಳೆಗೆ ಇನ್ನೊಂದು ಮುಖವೂ ಇದೆ. ಫೆಬ್ರವರಿ ಹೊತ್ತಿಗೆ ಮೈಲಾರದ ಕಾರಣಿಕ ಕೇಳಲು ಲಕ್ಷಾಂತರ ಜನ ಸೇರುವಾಗ ಹೊಳೆ ಸೊರಗಿರುತ್ತದೆ. ಜಾತ್ರೆಗೆ ಬಂದವರು ಮೀಯಲು, ಕುಡಿಯಲು ಭದ್ರಾ ಜಲಾಶಯದಿಂದ ನೀರು ಬಿಡಿಸಿ ಎಂದು ಬೇಡಿಕೆ ಇಡಬೇಕು. ಆಗಸ್ಟಿನಲ್ಲಿ ದಂಡೆ ಮೀರುವ, ಫೆಬ್ರವರಿಯಲ್ಲಿ ಆದೇಶದ ಮೇಲೆ ಹರಿಯುವ ಹೊಳೆ ಇದು. ಮಳೆಗಾಲದ ನೀರು ದಂಡೆಯ ಮೆಕ್ಕಲು, ಮರಳಿನೊಳಗೆ ಇಂಗಿದ್ದರೆ ಬೇಸಿಗೆಯಲ್ಲಿ ಅದು ಸ್ವಲ್ಪಸ್ವಲ್ಪವೇ ಹೊಳೆಗೆ ವಾಪಸು ಜಿನುಗುತ್ತಿತ್ತು. ಆ ಮರಳು ಬೆಂಗಳೂರು, ಹುಬ್ಬಳ್ಳಿಗಳ ಗೋಡೆ ಸೇರಿದೆ. ಹಡಗಲಿ, ಹರಪನಹಳ್ಳಿ ದಂಡೆಯಲ್ಲಿ ಮರಳಿನ ವಹಿವಾಟು ಎಷ್ಟು, ಯಾರದು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಮರಳು ತೆಗೆದ ಗುಂಡಿಯಲ್ಲಿ ಹೊಳೆ ತಳಕ್ಕೆ ಇಳಿಯುತ್ತದೆ. ತಳಕ್ಕಿಳಿದ ಹೊಳೆ ಸಣ್ಣ ನೆರೆಯಲ್ಲಿ ದಂಡೆ ಹತ್ತುವುದಿಲ್ಲ. ಒಳ್ಳೆಯದೇ ಆಯಿತಲ್ಲ ಎನ್ನಬೇಡಿ. ಮೀನಿಗೂ ಅಂತರ್ಜಲಕ್ಕೂ ಬೇಕಾಗಿದ್ದು ಆ ಸಣ್ಣ ನೆರೆಯೇ. ದೊಡ್ಡ ನೆರೆಗೆ ಗುಂಡಿಯ ಹಂಗಿಲ್ಲ. ಅದು ಹೇಗೂ ಬರುತ್ತದೆ, ಬರುವಾಗ ಅಡಿ ಸಡಿಲವಾದ ದಂಡೆಯನ್ನೂ ಕೆಡವಿಕೊಂಡು ಬರುತ್ತದೆ.

ಇನ್ನು ಅಣೆಕಟ್ಟು. 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಜಲಾಶಯ ಸುಮಾರು 378 ಚದರ ಕಿ.ಮೀ. ನೆಲವನ್ನು ನುಂಗಿತು. 90 ಹಳ್ಳಿಗಳ 54,000ಕ್ಕೂ ಹೆಚ್ಚು ಜನ ಎದ್ದರು. ನಾರಾಯಣದೇವರಕೆರೆಯಂಥ ದೊಡ್ಡ ಊರು ಮುಳುಗಿ, ಅಲ್ಲಿಯವರು ಮರಿಯಮ್ಮನಹಳ್ಳಿಯಲ್ಲಿ ಬದುಕು ಕಟ್ಟಿಕೊಂಡರು. ಮುಳುಗಿದ್ದರಲ್ಲಿ ಬಹುಪಾಲು ಯಾವುದು? ಹೊಳೆ ಸಾವಿರಾರು ವರ್ಷ ಮೆಕ್ಕಲು ಹಾಸಿ ಮಾಡಿದ ಬಯಲು. ಅಂದರೆ ನಮ್ಮ ಹೊಳೆಬಯಲು ಏರಿಯ ಹಿಂದೆ ಒಣಗಿ ಸತ್ತದ್ದಲ್ಲ, ಅಣೆಯ ಹಿಂದೆ ಮುಳುಗಿ ಸತ್ತದ್ದು.

ಹಾಗೆಂದುಕೊಂಡು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಂಪಸಾಗರ, ತಂಬ್ರಹಳ್ಳಿ ಕಡೆ ಹಿನ್ನೀರಿನ ಅಂಚಿಗೆ ಚಳಿಗಾಲದಲ್ಲಿ ಹೋದರೆ ಅನುಮಾನ ಶುರುವಾಗುತ್ತದೆ. ಅಲ್ಲಿ ಹೊಳೆಬಯಲು ಸತ್ತೇ ಇಲ್ಲ, ಜಾಗ ಬದಲಾಯಿಸಿದೆ. ಜುಲೈ, ಆಗಸ್ಟಿನಲ್ಲಿ ಹಿನ್ನೀರು ಏರುತ್ತದೆ. ಕಾಲುವೆಗೆ ನೀರು ಬಿಟ್ಟಂತೆ ಇಳಿಯತೊಡಗುತ್ತದೆ. ನೀರು ಹಿಂದೆ ಸರಿದ ಹಾಗೆ ರೈತರು ಒಂದೊಂದೇ ಸಾಲು ಮುಂದೆ ಸರಿದು, ಹಸಿ ಮೆಕ್ಕಲಿನಲ್ಲಿ ಬಿತ್ತುತ್ತಾರೆ. ಗೊಬ್ಬರ ಬೇಡ, ನೀರು ಹಾಯಿಸುವುದು ಬೇಡ, ಕಾಗದಪತ್ರವೂ ಇಲ್ಲ. ಮತ್ತೆ ಮಳೆಗಾಲಕ್ಕೆ ನೀರು ಬಂದು ಕೂಳೆ ಮುಳುಗುತ್ತದೆ. ಕೊಳೆತ ಕೂಳೆಯ ನಡುವೆ ಮೀನುಮರಿ ಮೇಯುತ್ತದೆ. ಯೋಲೊದಲ್ಲಿ ಸಂಶೋಧಕರು ಬೆರಗಿನಿಂದ ಬರೆದಿಟ್ಟ ಪಾಳಿ ಇದೇ ಅಲ್ಲವೇ? ನಮ್ಮವರು ಇದನ್ನು ಯಾರನ್ನೂ ಕೇಳದೆ ಎಪ್ಪತ್ತು ವರ್ಷದಿಂದ ಮಾಡುತ್ತಿದ್ದಾರೆ. ಸರ್ಕಾರದ ಕಡತದಲ್ಲಿ ಇದು ಒತ್ತುವರಿ. ನನ್ನ ಕಣ್ಣಿಗೆ ಇದು ಈ ಸೀಮೆಯ ಅತ್ಯಂತ ಬುದ್ಧಿವಂತ ಒಕ್ಕಲುತನಗಳಲ್ಲಿ ಒಂದು, ಆ ನೆಲಕ್ಕೆ ಕೀಟನಾಶಕ ಸುರಿಯದಿದ್ದರೆ. ಸುರಿದದ್ದು ಅದೇ ಮೀನುಮರಿಯ ಬಾಯಿಗೆ ಹೋಗುತ್ತದೆ, ಅದೇ ನೀರನ್ನು ಊರೂರಿಗೆ ಕುಡಿಯಲು ಎತ್ತುತ್ತಾರೆ.

ಮರಿಗೆ ಇನ್ನೊಂದು ಮೃತ್ಯು ಅಲಿವಿ ಬಲೆ. ದಂಡೆಯಿಂದ ದಂಡೆಗೆ ಎಳೆಯುವ, ಕಿರುಬೆರಳಿನ ಮರಿಯನ್ನೂ ಬಿಡದ ಬಲೆ ಇದು. ತುಂಗಭದ್ರಾ ಜಲಾಶಯದ ಮೀನುಗಾರಿಕೆಯ ಬಗ್ಗೆ ಬರೆದ ಹಲವರು ಇದರ ಮೇಲೆ ದೂರು ಹೇಳಿದ್ದಾರೆ. ಹಿನ್ನೀರಿನ ತೆಳು ಅಂಚು ಮರಿಗಳ ತೊಟ್ಟಿಲಾದರೆ, ಈ ಬಲೆ ತೊಟ್ಟಿಲಿಗೇ ಹಾಕುವ ಕೈ.

ಹಿನ್ನೀರಿನ ಬಯಲು ಎಷ್ಟು ಜೀವಂತ ಎಂಬುದಕ್ಕೆ ಸಾಕ್ಷಿ ಮೀನಿಗಿಂತ ಮೊದಲು ಹಕ್ಕಿ ಹೇಳುತ್ತದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ಶತಮಾನಗಳ ಹಿಂದೆ ನೀರಾವರಿಗೆ ಕಟ್ಟಿದ್ದು, ವಿಸ್ತಾರ 98.76 ಹೆಕ್ಟೇರ್. ಕೆರೆಯೊಳಗಿನ ಜಾಲಿ ಮರಗಳಲ್ಲಿ ಬಣ್ಣದ ಕೊಕ್ಕರೆ, ಕರಿತಲೆ ಕೆಂಬರಲು, ಇರುಳು ಬಕ ಗೂಡು ಕಟ್ಟುತ್ತವೆ. 2017ರಲ್ಲಿ ಇದು ಪಕ್ಷಿ ಸಂರಕ್ಷಣಾ ಮೀಸಲಾಯಿತು. 2024ರ ಜನವರಿ ಕೊನೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಗದಗದ ಮಾಗಡಿ ಕೆರೆ, ಉತ್ತರ ಕನ್ನಡದ ಅಘನಾಶಿನಿ ಅಳಿವೆಗಳ ಹೆಸರೂ ಆಗಲೇ ಘೋಷಣೆಯಾಯಿತು. ರಾಮ್ಸರ್ ದಾಖಲೆಯ ಪ್ರಕಾರ ಅಂಕಸಮುದ್ರದಲ್ಲಿ 30,000ಕ್ಕೂ ಹೆಚ್ಚು ನೀರಹಕ್ಕಿಗಳು ಗೂಡು ಕಟ್ಟುತ್ತವೆ, ತಂಗುತ್ತವೆ. 240 ಜಾತಿಯ ಹಕ್ಕಿ, 41 ಜಾತಿಯ ಮೀನು. ಇಷ್ಟು ಹಕ್ಕಿಯ ಹೊಟ್ಟೆಯನ್ನು ಒಂದು ಹಳ್ಳಿಯ ಕೆರೆ ಒಂದೇ ತುಂಬಿಸಲಾರದು. ಅವು ಹಾರಿ ಹೋಗಿ ಉಣ್ಣುವುದು ಸುತ್ತಲಿನ ಗದ್ದೆಗಳಲ್ಲಿ, ಹಿನ್ನೀರಿನ ಅಂಚಿನಲ್ಲಿ. ಗೂಡು ಒಂದು ಕಡೆ, ಉಗ್ರಾಣ ಇನ್ನೊಂದು ಕಡೆ. ನಾವು ಗೂಡಿಗೆ ಬೇಲಿ ಹಾಕಿ ಉಗ್ರಾಣವನ್ನು ಬಯಲಿಗೆ ಬಿಟ್ಟಿದ್ದೇವೆ.

ಅಣೆಕಟ್ಟಿನ ಕೆಳಗೂ ಒಂದು ಒಳ್ಳೆಯ ಕೆಲಸವಾಗಿದೆ. ಕಂಪ್ಲಿಯವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ನೀರುನಾಯಿಗೆಂದೇ ಮೀಸಲಾದ ಇಂಥ ತಾಣ ದೇಶದಲ್ಲಿ ಅದೇ ಮೊದಲು. ಅಣೆಕಟ್ಟಿನ ಮೇಲಿನ ಹೊಳೆಗೆ, ಅಂದರೆ ನಿಮ್ಮ ಪಾಲಿನ ಹೊಳೆಗೆ, ಅಂಥದ್ದೇನೂ ಇಲ್ಲ. ನನಗೆ ಇದು ಸರಿ ಕಾಣುವುದಿಲ್ಲ. ಜಲಾಶಯದ ಮೀನು ಮೊಟ್ಟೆಯಿಡಲು ಏರಿ ಬರಬೇಕಾಗಿರುವುದು ನಿಮ್ಮ ಕಡೆಗೇ. ಸಿಂಗಟಾಲೂರು ಏತ ನೀರಾವರಿಗಾಗಿ ಹಮ್ಮಿಗಿಯಲ್ಲಿ ಬ್ಯಾರೇಜು ಎದ್ದ ಮೇಲೆ ಆ ದಾರಿಗೂ ಬಾಗಿಲು ಬಂದಿದೆ. ದೊಡ್ಡ ನೆರೆಯಲ್ಲಿ ಗೇಟು ಎತ್ತುತ್ತಾರೆ, ಆಗ ಮೀನು ದಾಟೀತು. ಆದರೆ ಮೀನಿಗೆ ಕರೆ ಬರುವುದು ಜೂನಿನ ಮೊದಲ ಸಣ್ಣ ಏರಿಕೆಯಲ್ಲಿ. ಬೇಸಿಗೆಯಿಂದ ಬಾಯಾರಿದ ಬ್ಯಾರೇಜು ಆ ನೀರನ್ನು ತಾನೇ ಹಿಡಿದುಕೊಂಡರೆ ಕರೆ ಕೆಳಗೆ ತಲುಪುವುದೇ ಇಲ್ಲ. ಮೊದಲ ಏರಿಕೆಗೆ ಒಂದೆರಡು ಗೇಟನ್ನು ಕೆಲವು ದಿನ ತೆರೆದಿಡುವುದಕ್ಕೆ ಹೊಸ ಕಾಮಗಾರಿ ಬೇಡ, ಒಂದು ಆದೇಶ ಸಾಕು.

ಸರಿ, ನೆರೆ ತಗ್ಗುತ್ತದೆಯೇ? ಇಲ್ಲಿ ಆಸೆ ಹುಟ್ಟಿಸುವ ಮುನ್ನ ಲೆಕ್ಕ ಹಾಕಬೇಕು. 1 ಲಕ್ಷ ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ 8.64 ಟಿಎಂಸಿ. ಗರ್ಭಗುಡಿಯಿಂದ ಹಿನ್ನೀರಿನವರೆಗೆ 50 ಕಿ.ಮೀ. ಉದ್ದಕ್ಕೆ, ಎರಡೂ ದಂಡೆ ಸೇರಿ 1 ಕಿ.ಮೀ. ಅಗಲಕ್ಕೆ ಹೊಳೆಗೆ ಬಯಲು ಬಿಟ್ಟೆವು, ಅದರ ಮೇಲೆ 1 ಮೀಟರ್ ನೀರು ನಿಂತಿತು ಎಂದುಕೊಳ್ಳಿ. ಅದು ಸುಮಾರು 1.8 ಟಿಎಂಸಿ ಆಯಿತು. 1 ಲಕ್ಷ ಕ್ಯೂಸೆಕ್ಕಿನ ಹೊಳೆ ಅಷ್ಟನ್ನು ಐದು ತಾಸಿನಲ್ಲಿ ತುಂಬಿಸುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಬಂದು, ಕೆಳಗೆ ಮಂತ್ರಾಲಯ, ಕರ್ನೂಲುಗಳನ್ನು ಮುಳುಗಿಸಿ ಹೋದಂಥ ಪ್ರವಾಹದ ಎದುರು ಈ ಬಯಲು ನಿಲ್ಲಲಾರದು. ಹಾಗಾಗಿ ಹೊಳೆಬಯಲು ಬಿಟ್ಟರೆ ನೆರೆಯೇ ಇರದು ಎಂದು ಯಾರಾದರೂ ಭಾಷಣ ಮಾಡಿದರೆ ನಂಬಬೇಡಿ.

ಹಾಗಾದರೆ ಲಾಭವೇನು? ನೀರನ್ನು ಹಿಡಿದಿಡುವುದಕ್ಕಿಂತ ಮುಖ್ಯ, ನೀರಿನ ದಾರಿಯಲ್ಲಿ ಕೂರದಿರುವುದು. ಹೊಳೆ ಅಗಲಕ್ಕೆ ಹರಡಿದರೆ ಎತ್ತರಕ್ಕೆ ಏರುವುದು ಕಡಿಮೆ, ರಭಸ ಕಡಿಮೆ, ದಂಡೆ ಕೊರೆಯುವುದು ಕಡಿಮೆ. ಒಂದು ಬದಿಯವರು ಮಣ್ಣು ಏರಿಸಿ ಏರಿ ಹಾಕಿದರೆ ಎದುರು ಬದಿಯವರ ಮನೆಗೆ ಅದೇ ನೀರು ನುಗ್ಗುತ್ತದೆ. ಕುರುವತ್ತಿ, ಮದಲಗಟ್ಟಿ, ಮಾಗಳ ಒಂದು ದಂಡೆಯಾದರೆ ಇನ್ನೊಂದು ದಂಡೆ ಹಾವೇರಿ, ಗದಗ ಜಿಲ್ಲೆಗಳದು. ಜಗಳಕ್ಕೆ ಜಿಲ್ಲಾಧಿಕಾರಿಗಳೂ ಬೇರೆ ಬೇರೆ. ಇನ್ನೊಂದು ಲಾಭ ಹೂಳಿನದು. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ 2016ರ ಸಮೀಕ್ಷೆಯ ಹೊತ್ತಿಗೆ 105.788 ಟಿಎಂಸಿಗೆ ಇಳಿಯಿತು. ಇಪ್ಪತ್ತೇಳು ಟಿಎಂಸಿಯ ಜಾಗದಲ್ಲಿ ಕೂತಿರುವುದು ಮಲೆನಾಡಿನ, ದಾರಿಯ ಹೊಲಗಳ ಮಣ್ಣು. ಹೊಳೆ ನಿಧಾನವಾಗಿ ಹುಲ್ಲಿನ ಮೇಲೆ ಹರಿದಲ್ಲಿ ಆ ಮಣ್ಣಿನ ಒಂದು ಪಾಲು ದಂಡೆಯಲ್ಲೇ ಉಳಿಯುತ್ತದೆ. ದಂಡೆಯ ಎರೆ ಅಷ್ಟು ಫಲವತ್ತಾದದ್ದು ಹಾಗೆಯೇ. ಕಳೆದುಹೋದ ನೀರಿಗೆ ಬದಲಾಗಿ ನವಲಿಯಲ್ಲಿ ಇನ್ನೊಂದು ಜಲಾಶಯ ಕಟ್ಟುವ ಮಾತು ವರ್ಷಗಳಿಂದ ನಡೆದಿದೆ. ಮಣ್ಣನ್ನು ಮೇಲೆಯೇ ತಡೆಯುವ ಮಾತು ಅದರ ಕಾಲು ಭಾಗವೂ ನಡೆದಿಲ್ಲ.

ಅಣೆಕಟ್ಟನ್ನು ನೆಚ್ಚಿ ಕೂರುವುದೂ ಎಷ್ಟು ಸರಿ ಎಂಬುದನ್ನು 2024ರ ಆಗಸ್ಟ್ 10ರ ರಾತ್ರಿ ತೋರಿಸಿತು. 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಕೊಂಡು ಹೋಯಿತು. ಒಂದು ವಾರದೊಳಗೆ ಹರಿಯುವ ನೀರಿನಲ್ಲೇ ತಾತ್ಕಾಲಿಕ ಹಲಗೆಗಳನ್ನು ಇಳಿಸಿ ಮುಚ್ಚಿದ್ದು ಸಾಹಸವೇ. ಮರುವರ್ಷ ಗೇಟುಗಳ ಮೇಲೆ ಭರವಸೆ ಸಾಲದೆ ಸಂಗ್ರಹವನ್ನು 80 ಟಿಎಂಸಿಗೆ, ಅಂದರೆ 1,633 ಅಡಿಯ ಬದಲು 1,626 ಅಡಿಗೆ ಮಿತಿಗೊಳಿಸಿದರು. ಹಿನ್ನೀರಿನ ಅಂಚು ಆ ವರ್ಷ ಹಿಂದಕ್ಕೇ ನಿಂತಿತು. ಯಾವ ನೆಲ ಮುಳುಗಿತು, ಯಾವುದು ಒಣಗಿತು, ಮೀನು ಎಲ್ಲಿ ಮರಿ ಮಾಡಿತು ಎಂದು ಬರೆದಿಡಲು ಇಂಥ ಅವಕಾಶ ಮತ್ತೆ ಸಿಗುವುದಿಲ್ಲ. ಹಿನ್ನೀರಿನ ರೈತರಿಗೂ ಮೀನುಗಾರರಿಗೂ ಅದು ಬಾಯಿಪಾಠ ಇರುತ್ತದೆ. ಕೇಳಿ ಬರೆದುಕೊಳ್ಳುವವರು ಬೇಕು.

ಕಾನೂನಿನ ಮಾತು ಚುಟುಕಾಗಿ ಹೇಳುತ್ತೇನೆ. ನೆರೆಬಯಲಿನಲ್ಲಿ ಎಲ್ಲಿ ಏನು ಕಟ್ಟಬಹುದು, ಕಟ್ಟಬಾರದು ಎಂದು ಗೆರೆ ಎಳೆಯುವ ಮಾದರಿ ಮಸೂದೆಯನ್ನು ಕೇಂದ್ರ ಸರ್ಕಾರ ರಾಜ್ಯಗಳಿಗೆ ಕಳಿಸಿದ್ದು 1975ರಲ್ಲಿ. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಬೆರಳೆಣಿಕೆಯ ರಾಜ್ಯಗಳು ಕಾಯ್ದೆ ಮಾಡಿಕೊಂಡವು. ಆ ಪಟ್ಟಿಯಲ್ಲಿ ಕರ್ನಾಟಕವಿಲ್ಲ. ನೆದರ್ಲೆಂಡ್ಸಿನವರು ‘ನದಿಗೆ ಜಾಗ’ ಎಂಬ ಕಾರ್ಯಕ್ರಮದಲ್ಲಿ ಮೂವತ್ತಕ್ಕೂ ಹೆಚ್ಚು ಕಡೆ ಹೊಳೆಗೆ ಹರಡಲು ಜಾಗ ಮಾಡಿಕೊಟ್ಟರು. ಓವರ್‌ಡೀಪ್ ಎಂಬಲ್ಲಿ ರೈತರು ತಮ್ಮ ಮನೆ, ಕೊಟ್ಟಿಗೆಗಳನ್ನು ಎತ್ತರದ ಮಣ್ಣಿನ ದಿಬ್ಬಗಳ ಮೇಲೆ ಹೊಸದಾಗಿ ಕಟ್ಟಿಕೊಂಡು, ಸುತ್ತಲ ಹುಲ್ಲುಗಾವಲನ್ನು ದೊಡ್ಡ ನೆರೆಗೆ ಒಪ್ಪಿಸಿದರು. ಆ ಆಲೋಚನೆ ಮೊದಲು ಬಂದದ್ದು ಅಧಿಕಾರಿಗಳಿಂದಲ್ಲ, ಅಲ್ಲಿನ ರೈತರಿಂದಲೇ. ನಮ್ಮಲ್ಲಿ 2009ರ ನಂತರ ‘ಆಸರೆ’ ಯೋಜನೆಯಲ್ಲಿ ಊರುಗಳನ್ನೇ ಬೇರೆಡೆ ಕಟ್ಟಿದರು. ಹಲವು ಕಡೆ ಜನ ಹೊಸ ಮನೆಗೆ ಬೀಗ ಹಾಕಿ ಹಳೆ ಊರಿನಲ್ಲೇ ಉಳಿದರು. ದನ, ಹೊಲ, ದೇವರು ಎಲ್ಲ ಹೊಳೆ ಬದಿಗಿದ್ದ ಮೇಲೆ ಮನೆಯೊಂದನ್ನೇ ಎತ್ತಿ ಇಟ್ಟರೆ ಏನು ಬಂತು?

ಕೂಡ್ಲಿಗಿ, ಕೊಟ್ಟೂರಿನ ಮಾತು ಕೇಳಿದ್ದೀರಿ. ವರ್ಷಕ್ಕೆ 600 ಮಿ.ಮೀ. ಮಳೆ ಬಿದ್ದರೆ ಹಬ್ಬ ಮಾಡುವ ಸೀಮೆ ಅದು. ಅಲ್ಲಿನ ಹೊಳೆಯೆಂದರೆ ಚಿಕ್ಕ ಹಗರಿ ಮತ್ತು ನೂರಾರು ಹಳ್ಳ. ವರ್ಷದಲ್ಲಿ ಬಹುಕಾಲ ಬರೀ ಮರಳು, ಬಂದರೆ ಒಂದೇ ರಾತ್ರಿ ಎದೆಮಟ್ಟ. ಇಂಥ ಕಡೆ ಹೊಳೆಬಯಲಿನ ಕೆಲಸ ಮಾಡಿಕೊಂಡು ಬಂದದ್ದು ಕೆರೆಗಳು. ಮೇಲಿನ ಕೆರೆ ಕೋಡಿ ಬಿದ್ದರೆ ಹಳ್ಳದ ಮೂಲಕ ಕೆಳಗಿನ ಕೆರೆಗೆ, ಅಲ್ಲಿಂದ ಹಗರಿಗೆ, ಹಗರಿಯಿಂದ ತುಂಗಭದ್ರೆಗೆ. ನೀರು ಇಳಿದ ದಾರಿಯಲ್ಲೇ ಮೀನು ಏರಿ ಬರುತ್ತಿತ್ತು. ಯಾರೂ ಮರಿ ಬಿಡದ ಕೆರೆಯಲ್ಲಿ ಕೋಡಿ ಬಿದ್ದ ವರ್ಷ ಕೊರವ, ಗೆಂಡೆ ಸಿಗುತ್ತಿದ್ದುದಕ್ಕೆ ಕಾರಣ ಅದೇ.

ಈಗ ಹರಪನಹಳ್ಳಿಯ 60 ಕೆರೆಗಳಿಗೆ, ಕೂಡ್ಲಿಗಿಯ 74 ಕೆರೆಗಳಿಗೆ ತುಂಗಭದ್ರೆಯ ನೀರನ್ನು ಪೈಪಿನಲ್ಲಿ ಏರಿಸುವ ಯೋಜನೆಗಳು ಬಂದಿವೆ. ಬಹುಕಾಲ ಬರಿದಾಗಿದ್ದ ಮಾಲವಿ ಜಲಾಶಯಕ್ಕೂ ಹೊಳೆಯಿಂದಲೇ ನೀರೆತ್ತುವ ಯೋಜನೆ ಇದೆ. ಬೋರ್‌ವೆಲ್ ಸಾವಿರ ಅಡಿ ದಾಟಿದ ನಾಡಿನಲ್ಲಿ ಇದನ್ನು ಬೇಡ ಎನ್ನುವ ಧೈರ್ಯ ನನಗಿಲ್ಲ. ಆದರೆ ಪೈಪಿನಲ್ಲಿ ಮೀನು ಏರುವುದಿಲ್ಲ, ಮಳೆ ಬಂದಾಗ ನೆರೆಯೂ ಇಳಿಯುವುದಿಲ್ಲ. ಪೈಪು ಬಂತೆಂದು ಹಳ್ಳವನ್ನು ಮರೆತರೆ, ರಾಜಕಾಲುವೆಯನ್ನು ಉತ್ತು ಹೊಲಕ್ಕೆ ಸೇರಿಸಿಕೊಂಡರೆ, ತುಂಬಿಸಿಟ್ಟ ಕೆರೆಯ ಮೇಲೆ ಒಂದು ಜೋರು ಮಳೆ ಬಿದ್ದ ದಿನ ಕೋಡಿಯ ನೀರು ದಾರಿ ಕಾಣದೆ ಊರೊಳಗೆ ಬರುತ್ತದೆ. ಮೊದಲು ಕೆರೆ ಖಾಲಿ ಇರುತ್ತಿತ್ತು, ಮೊದಲ ಮಳೆಯನ್ನು ಕುಡಿದು ಸುಮ್ಮನಾಗುತ್ತಿತ್ತು. ಈಗ ತುಂಬಿರುತ್ತದೆ. ಹಾಗಾಗಿ ಕೆರೆ ತುಂಬಿಸುವ ಹಣದಲ್ಲಿ ಒಂದು ಪಾಲನ್ನು ಕೋಡಿಯಿಂದ ಕೆಳಗಿನ ಹಳ್ಳಕ್ಕೆ ಇಡಲೇಬೇಕು. ನಿಮ್ಮ ಪ್ರಶ್ನೆಯ ಎರಡನೇ ಭಾಗಕ್ಕೆ ನನ್ನ ಉತ್ತರ ಅದು.

ಎಲ್ಲಿಂದ ಶುರು ಮಾಡಬೇಕು ಎಂದು ಒತ್ತಾಯಿಸಿದರೆ, ದೊಡ್ಡ ಯೋಜನೆಯ ಹೆಸರೇ ಎತ್ತದೆ ಹೀಗೆ ಹೇಳುತ್ತೇನೆ. ಮೈಲಾರದಿಂದ ಮದಲಗಟ್ಟಿಯವರೆಗೆ ಹೊಳೆಗೆ ಸೇರುವ ಹಳ್ಳಗಳ ಬಾಯಿಗಳನ್ನು ಗುರುತಿಸಿ, ಅಲ್ಲಿ ಮರಳು ತೆಗೆಯುವುದನ್ನು ಪೂರ್ತಿ ನಿಲ್ಲಿಸಿ, ಜೂನ್‌ನಿಂದ ಆಗಸ್ಟ್‌ವರೆಗೆ ಬಲೆ ಹಾಕುವುದನ್ನೂ ನಿಲ್ಲಿಸಿ. ಮೀನುಗಾರರ ಸಂಘಗಳಿಗೆ ಆ ಮೂರು ತಿಂಗಳಿಗೆ ಜೀವನ ಭತ್ಯೆ ಕೊಡಿ. ಪದೇ ಪದೇ ಮುಳುಗುವ ಸರ್ವೆ ನಂಬರುಗಳು ಯಾವುವೆಂದು ಗ್ರಾಮ ಆಡಳಿತಾಧಿಕಾರಿಗಳ ಬಳಿ ಇರುವ ಬೆಳೆಹಾನಿ ಪಟ್ಟಿಗಳೇ ಹೇಳುತ್ತವೆ. ಹೊಸ ಸಮೀಕ್ಷೆ ಬೇಡ. ಆ ನೆಲದಲ್ಲಿ ಮುಂಗಾರಿಗೆ ಭತ್ತ, ಕಬ್ಬಿನ ಬದಲು ಮೇವಿನ ಹುಲ್ಲು ಬಿಟ್ಟು, ನೀರು ಇಳಿದ ಮೇಲೆ ಹಿಂಗಾರಿಗೆ ಜೋಳ, ಕಡಲೆ ಬಿತ್ತುವ ರೈತರಿಗೆ ಎಕರೆಗೆ ಇಷ್ಟು ಎಂದು ಪ್ರತಿವರ್ಷ ಮುಂಗಡವಾಗಿ ಕೊಡಿ, ಹೊಳೆ ಗುತ್ತಿಗೆ ಹಿಡಿದಂತೆ. ನೆರೆ ಬಂದ ಮೇಲೆ ಅಳೆದು, ಅರ್ಜಿ ಹಾಕಿಸಿ, ಆರು ತಿಂಗಳು ಅಲೆದಾಡಿಸಿ ಕೊಡುವ ಪರಿಹಾರಕ್ಕಿಂತ ಅದು ಹೆಚ್ಚಾಗುತ್ತದೆಯೇ, ಕಡಿಮೆಯೇ? ಕಳೆದ ಹತ್ತು ವರ್ಷಗಳಲ್ಲಿ ನಿಮ್ಮ ಹೋಬಳಿಯ ದಂಡೆ ಜಮೀನುಗಳಿಗೆ ಸಂದ ಬೆಳೆ ಪರಿಹಾರದ ಮೊತ್ತವನ್ನು ಮಾಹಿತಿ ಹಕ್ಕಿನಲ್ಲಿ ತಹಶೀಲ್ದಾರರ ಕಚೇರಿಯಿಂದ ತರಿಸಿಕೊಳ್ಳಿ. ಅದನ್ನು ಎಕರೆಗೆ ಭಾಗಿಸಿದರೆ ಗುತ್ತಿಗೆಯ ದರ ಎಷ್ಟಿರಬೇಕೆಂಬುದು ನಿಮಗೇ ಗೊತ್ತಾಗುತ್ತದೆ.